ಹೊಲದ ಹಂದಿಗೆ ಯಾವ ಗುಂಡು? ರೈಫಲ್ ಆಸೆ ಬಿಡಿ, ಮೊದಲು ಎರಡು ಕಾಗದ ನೋಡಿ

ಸಿರವಾರ: ಶೇಂಗಾ ಕಾಯಿ ಬಲಿಯುವ ಹೊತ್ತಿಗೆ, ಜೋಳ ಹಾಲುಗಾಳಿಗೆ ಬರುವ ಹೊತ್ತಿಗೆ ಕಾಡುಹಂದಿ ಕಾಟ ಶುರುವಾಗುತ್ತದೆ. ಹಳ್ಳದ ದಂಡೆಯ ಬಳ್ಳಾರಿ ಜಾಲಿ ಪೊದೆಯಲ್ಲಿ ಹಗಲೆಲ್ಲ ಮಲಗಿ, ರಾತ್ರಿ ಹಿಂಡುಗಟ್ಟಿ ಹೊಲಕ್ಕೆ ಇಳಿಯುತ್ತವೆ. ತಿನ್ನುವುದಕ್ಕಿಂತ ಮೂತಿಯಿಂದ ಉತ್ತು ಹಾಕುವುದೇ ಹೆಚ್ಚು. ಬೆಳಗ್ಗೆ ಹೋಗಿ ನೋಡಿದರೆ ಹೊಲಕ್ಕೆ ಯಾರೋ ರಂಟೆ ಹೊಡೆದ ಹಾಗೆ ಕಾಣುತ್ತದೆ. ಆಮೇಲೆ ಚಹಾ ಅಂಗಡಿ ಕಟ್ಟೆ ಮೇಲೆ ಒಂದೇ ಮಾತು: "ಒಂದು ರೈಫಲ್ ಲೈಸನ್ಸ್ ತಗೊಂಡ್ರ ಆಯ್ತಪ. ಯಾವ ಗುಂಡು ಹಾಕಿದ್ರ ಒಂದೇ ಏಟಿಗೆ ಬೀಳ್ತದ?"

ಈ ಪ್ರಶ್ನೆಗೆ ಉತ್ತರ ಇದೆ. ದೊಡ್ಡ ಪ್ರಾಣಿಗೆ ಯಾವ ಗುಂಡು, ಯಾಕೆ ಆ ಗುಂಡು ಅನ್ನುವುದಕ್ಕೆ ನೂರೈವತ್ತು ವರ್ಷದ ಅನುಭವದ ಲೆಕ್ಕ ಉಂಟು. ಆದರೆ ಆ ಲೆಕ್ಕ ಪೂರ್ತಿ ತಿಳಿದವರು ಸಿರವಾರ, ಮಾನ್ವಿ, ದೇವದುರ್ಗದಂಥ ಬಯಲು ಸೀಮೆಯ ಹೊಲಕ್ಕೆ ರೈಫಲ್ ತರಲು ಹೇಳುವುದಿಲ್ಲ. ನಮ್ಮ ಕಾನೂನೂ ಹೇಳುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುವ ಬರಹ ಇದು.

ಮೊದಲೇ ಒಂದು ಮಾತು. ಬಂದೂಕಿನ ಲೈಸನ್ಸ್ ಬೇರೆ, ಪ್ರಾಣಿಗೆ ಗುಂಡು ಹಾರಿಸುವ ಅನುಮತಿ ಬೇರೆ. ಮೊದಲನೆಯದನ್ನು ಕೊಡುವುದು ಜಿಲ್ಲಾಧಿಕಾರಿ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ. ಎರಡನೆಯದು ಅರಣ್ಯ ಇಲಾಖೆಯದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ. "ಲೈಸನ್ಸ್ ಐತಿ, ಬೆಳೆ ರಕ್ಷಣೆಗೇ ಕೊಟ್ಟಾರ, ಮತ್ತೇನು ಬೇಕು?" ಅಂತ ಕೇಳುವವರು ಬಹಳ. ಈ ಎರಡು ಕಾಗದದ ವ್ಯತ್ಯಾಸ ತಿಳಿಯದೇ ಕೇಸಿನಲ್ಲಿ ಸಿಕ್ಕಿಬೀಳುತ್ತಾರೆ.

ಬೋರ್ ಅಂದ್ರೆ ಏನು?

"ಹನ್ನೆರಡು ಬೋರ್" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ, ಅರ್ಥ ಗೊತ್ತಿರುವವರು ಕಡಿಮೆ. ಒಂದು ಪೌಂಡು ಸೀಸವನ್ನು ಸಮನಾಗಿ ಹನ್ನೆರಡು ಗೋಲಿ ಮಾಡಿ. ಆ ಒಂದು ಗೋಲಿ ಸರಿಯಾಗಿ ಹಿಡಿಯುವ ನಳಿಗೆಯೇ 12 ಬೋರ್. ಅಂದರೆ ಗೋಲಿ ಸುಮಾರು 38 ಗ್ರಾಂ, ನಳಿಗೆಯ ಬಾಯಿ ಸುಮಾರು 18.5 ಮಿ.ಮೀ. ಹದಿನಾರು ಗೋಲಿ ಮಾಡಿದರೆ 16 ಬೋರ್. ಹಾಗಾಗಿ ನಂಬರ್ ಹೆಚ್ಚಾದಷ್ಟು ನಳಿಗೆ ಸಣ್ಣದು. ಇದು ಅನೇಕರಿಗೆ ತಿರುಗಾಮುರುಗಾ ಅನ್ನಿಸುತ್ತದೆ.

ಇದೇ ಲೆಕ್ಕದಲ್ಲಿ 8 ಬೋರ್ ಗೋಲಿ 57 ಗ್ರಾಂ, 4 ಬೋರ್ ಗೋಲಿ 113 ಗ್ರಾಂ. ಅಷ್ಟು ದೊಡ್ಡ ಗುಂಡು ಯಾರಿಗೆ ಬೇಕಿತ್ತು? ಮೈಸೂರು ಸೀಮೆಯಲ್ಲಿ ಆನೆ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆನೆ, ಕಾಟಿಗಳಿಗೆ ಇಂಥ ಬಂದೂಕುಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಆಗಿನ ಕಪ್ಪು ಮದ್ದಿಗೆ ಗುಂಡನ್ನು ಬಹಳ ವೇಗವಾಗಿ ತಳ್ಳುವ ಶಕ್ತಿ ಇರಲಿಲ್ಲ. ವೇಗ ಸಿಗದಿದ್ದರೆ ತೂಕ ಹೆಚ್ಚಿಸಬೇಕು, ಬೇರೆ ದಾರಿ ಇಲ್ಲ. ಹೊಡೆದವನ ಭುಜವೂ ಬಾತುಕೊಳ್ಳುತ್ತಿತ್ತು ಅನ್ನುವುದು ಬೇರೆ ಮಾತು.

ಹೊಗೆ ಬಾರದ ಹೊಸ ಮದ್ದು ಬಂದ ಮೇಲೆ ಲೆಕ್ಕ ಬದಲಾಯಿತು. ನಳಿಗೆಯ ಒಳಗೆ ಸುರುಳಿ ಗಾಡಿ ಕೊರೆದ ರೈಫಲ್‌ನಿಂದ ಸಣ್ಣ, ಉದ್ದನೆಯ ಗುಂಡು ಬುಗುರಿಯ ಹಾಗೆ ತಿರುಗುತ್ತ ನೇರ ಹೋಗತೊಡಗಿತು. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನು ಓದಿದವರಿಗೆ ಕೆನೆತ್ ಆಂಡರ್ಸನ್ ಗೊತ್ತು. ಬೆಂಗಳೂರಿನ ಈ ಶಿಕಾರಿ ನರಭಕ್ಷಕ ಹುಲಿ, ಚಿರತೆಗಳ ಹಿಂದೆ ಹೋಗುವಾಗ ಹಿಡಿಯುತ್ತಿದ್ದದ್ದು .405 ವಿಂಚೆಸ್ಟರ್ ರೈಫಲ್. ಅದರ ಗುಂಡು 300 ಗ್ರೇನ್, ಅಂದರೆ ಬರೀ 19 ಗ್ರಾಂ ಚಿಲ್ಲರೆ. ಸ್ಯಾಂಡರ್ಸನ್ ಕಾಲದ 4 ಬೋರ್ ಗೋಲಿಯ ಸುಮಾರು ಆರನೇ ಒಂದು ಭಾಗ ಮಾತ್ರ. ಆದರೂ ಹುಲಿಗೆ ಸಾಕಾಗುತ್ತಿತ್ತು, ವೇಗ ಅಷ್ಟಿತ್ತು. ಗ್ರೇನ್ ಅನ್ನುವುದು ಗುಂಡಿನ ತೂಕದ ಹಳೇ ಅಳತೆ, ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್.

ಮೆತ್ತನೆ ಮೂತಿ, ಗಟ್ಟಿ ಮೂತಿ

ತೂಕ, ವೇಗ ಆಯಿತು. ಮೂರನೆಯದು ಗುಂಡಿನ ಮೂತಿ. ಶಿಕಾರಿಯವರ ಜಗಳವೆಲ್ಲ ಇದರ ಮೇಲೆಯೇ.

ಪೂರ್ತಿ ತಾಮ್ರದ ಕವಚ ಇರುವ ಗುಂಡು ಮೈಯೊಳಗೆ ಹೊಕ್ಕರೂ ಆಕಾರ ಕೆಡುವುದಿಲ್ಲ, ನೇರ ಆಚೆ ಹೋಗುತ್ತದೆ. ಆನೆಯ ತಲೆಬುರುಡೆಯಂಥ ದಪ್ಪ ಎಲುಬು ದಾಟಬೇಕಾದರೆ ಇದೇ ಬೇಕು. ಮೂತಿಯಲ್ಲಿ ಸೀಸ ಬಿಟ್ಟಿರುವ ಮೆತ್ತನೆ ಗುಂಡು ಒಳಗೆ ಹೋದ ಕೂಡಲೇ ಅಣಬೆಯ ಹಾಗೆ ಅರಳುತ್ತದೆ, ತನ್ನ ಶಕ್ತಿಯನ್ನೆಲ್ಲ ಅಲ್ಲೇ ಬಿಡುತ್ತದೆ. ಹುಲಿ, ಜಿಂಕೆ, ಹಂದಿಯಂಥ ಪ್ರಾಣಿಗೆ ಇದು. ತಪ್ಪು ಗುಂಡು ಹಾಕಿದರೆ ಎರಡೂ ಕಡೆ ನಷ್ಟ. ಗಟ್ಟಿ ಗುಂಡು ಹಂದಿಯ ಮೈ ತೂರಿ ಆಚೆ ಹೋಗಿ, ಗಾಯಗೊಂಡ ಹಂದಿ ಮೈಲಿಗಟ್ಟಲೆ ಓಡುತ್ತದೆ. ಮೆತ್ತನೆ ಗುಂಡು ಆನೆಯ ಎಲುಬಿಗೆ ಬಡಿದು ಮೇಲೆಯೇ ಚಪ್ಪಟೆಯಾಗುತ್ತದೆ.

ಈ ಅರಳುವ ಗುಂಡಿನ ಕಥೆ ನಮ್ಮ ದೇಶದ್ದೇ. ಕಲ್ಕತ್ತಾ ಹತ್ತಿರದ ದಮ್‌ದಮ್ ಮದ್ದಿನ ಕಾರ್ಖಾನೆಯಲ್ಲಿ ಬ್ರಿಟಿಷರು 1890ರ ದಶಕದಲ್ಲಿ ಇದನ್ನು ಸೈನ್ಯಕ್ಕಾಗಿ ಮಾಡಿದರು. ಗಾಯ ಅಷ್ಟು ಭೀಕರವಾಗುತ್ತಿತ್ತು ಅಂತ 1899ರ ಹೇಗ್ ಸಮ್ಮೇಳನದಲ್ಲಿ ಯುದ್ಧದಲ್ಲಿ ಇಂಥ ಗುಂಡು ಬಳಸಬಾರದೆಂದು ಘೋಷಣೆ ಆಯಿತು. ಅದೇ ಗುಂಡನ್ನು ಬೇಟೆಯಲ್ಲಿ ದಯೆಯ ಗುಂಡು ಅನ್ನುತ್ತಾರೆ, ಪ್ರಾಣಿ ನರಳದೆ ಬೇಗ ಸಾಯಲಿ ಅಂತ. ಮನುಷ್ಯನಿಗೆ ಕ್ರೂರ ಅನ್ನಿಸಿದ್ದು ಪ್ರಾಣಿಗೆ ಕರುಣೆ ಆಯಿತು. ಈ ತರ್ಕದ ಬಗ್ಗೆ ಏನು ಬೇಕಾದರೂ ಅನ್ನಿ, ಗುಂಡಿನ ಕೆಲಸ ಮಾತ್ರ ಹಾಗೆಯೇ.

ಹಾಗಾದ್ರೆ ರೈಫಲ್ ಯಾಕೆ ಬೇಡ?

ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಲೈಸನ್ಸ್ ಮೇಲೆ ಸಿಗುವ ಸರ್ಕಾರಿ ಕಾರ್ಖಾನೆಯ ರೈಫಲ್ ಅಂದರೆ ಹೆಚ್ಚಾಗಿ .315. ಅದರ ಗುಂಡು 244 ಗ್ರೇನ್, ಸುಮಾರು 16 ಗ್ರಾಂ. ಸೈನ್ಯ, ಪೊಲೀಸರ ಗುಂಡು ಹಿಡಿಸುವ .303 ಮತ್ತು 7.62 ಮಿ.ಮೀ. ರೈಫಲ್‌ಗಳು ನಿಷೇಧಿತ ಬೋರ್ ಪಟ್ಟಿಯಲ್ಲಿವೆ, ಅವುಗಳ ಆಸೆಯೇ ಬೇಡ. .315 ಗುಂಡು ಹಂದಿಗೆ ಸಾಲುತ್ತದಾ ಅಂದರೆ ಧಾರಾಳ ಸಾಲುತ್ತದೆ. ಹಂದಿ ದಾಟಿ ಆಚೆ ಹೋಗುವುದೇ ತೊಂದರೆ.

ದೊಡ್ಡ ರೈಫಲ್ ಗುಂಡು ಗುರಿ ತಪ್ಪಿದರೆ ಮೂರ್ನಾಲ್ಕು ಕಿ.ಮೀ. ಹೋಗಬಲ್ಲದು. ಮಲೆನಾಡಿನಲ್ಲಿ ಮುಂದೆ ಗುಡ್ಡ ಇರುತ್ತದೆ, ಮರ ಇರುತ್ತದೆ. ನಮ್ಮಲ್ಲಿ? ಕವಿತಾಳ ಕಡೆಯಿಂದ ಬಲ್ಲಟಗಿ ಕಡೆ ನೋಡಿ, ಮಲ್ಲಟದಿಂದ ಕಲ್ಲೂರು ಕಡೆ ನೋಡಿ: ಕಪ್ಪು ಮಣ್ಣಿನ ಸಮತಟ್ಟು ಹೊಲ, ಹತ್ತಿ, ತೊಗರಿ, ಮೆಣಸಿನಕಾಯಿ, ಎಡದಂಡೆ ಕಾಲುವೆ ನೀರು ಮುಟ್ಟುವ ಕಡೆ ಭತ್ತದ ಗದ್ದೆ. ಒಂದು ಊರಿನ ದೀಪ ಇನ್ನೊಂದು ಊರಿಗೆ ಕಾಣುತ್ತದೆ. ಗುಂಡು ತಡೆಯುವುದಕ್ಕೆ ಏನೂ ಇಲ್ಲ. ಎಲ್ಲೋ ಒಂದು ಕಡೆ ಬಂಡೆಗುಡ್ಡ ಇದ್ದರೆ ಅದು ಇನ್ನೂ ಅಪಾಯ, ಗುಂಡು ಕಲ್ಲಿಗೆ ಬಡಿದು ಯಾವ ದಿಕ್ಕಿಗೆ ಸಿಡಿಯುತ್ತದೋ ಹೇಳಲಿಕ್ಕೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಕರೆಂಟು. ಪಂಪ್‌ಸೆಟ್ಟಿಗೆ ತ್ರೀಫೇಸ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ಹೊಲಕ್ಕೆ ಹೋಗಬೇಕು. ಹನ್ನೆರಡು ಗಂಟೆಗೆ, ಎರಡು ಗಂಟೆಗೆ ಮಡಿ ತಿರುವಲು ಕೂತವರು ಇರುತ್ತಾರೆ. ಕಂಬಳಿ ಹೊದ್ದು ಬದುವಿನ ಮೇಲೆ ಬಗ್ಗಿ ಕೂತ ಮನುಷ್ಯ, ಎದೆಯೆತ್ತರದ ಜೋಳದ ಸಂದಿಯಲ್ಲಿ ಹಂದಿಯ ಹಾಗೇ ಕಾಣುತ್ತಾನೆ. ದೊಡ್ಡ ಬೆಳೆ ಅಲ್ಲಾಡಿತು ಅಂತ ಅಂದಾಜಿನ ಮೇಲೆ ಹೊಡೆಯುವುದು ಶಿಕಾರಿಯಲ್ಲೂ ಇಲ್ಲದ ಪದ್ಧತಿ. ಪೂರ್ತಿ ಪ್ರಾಣಿ ಕಣ್ಣಿಗೆ ಕಾಣಬೇಕು, ಅದರ ಹಿಂದೆ ಏನಿದೆ ಅನ್ನುವುದೂ ಕಾಣಬೇಕು. ಆಮೇಲೆ ಬೆರಳು ಟ್ರಿಗರ್ ಮೇಲೆ. ಬಂದೂಕು ಕಲಿಸುವವರು ಮೊದಲ ದಿನ ಹೇಳಿಕೊಡುವ ಪಾಠವೇ ಇದು.

ಕಾನೂನು ಬರೆದವರಿಗೂ ಇದು ಗೊತ್ತಿತ್ತು ಅನ್ನಿಸುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂನಲ್ಲಿ ಬೆಳೆ ರಕ್ಷಣೆಗೆ ಅಂತ ಹೆಸರಿಸಿರುವುದು ಮುಂದಿನಿಂದ ಮದ್ದು ತುಂಬುವ ಬಂದೂಕು, ನಮ್ಮವರು ಕೇಪಿನ ಬಂದೂಕು ಅನ್ನುವುದು. ಅದು ಸಾಲುವುದಿಲ್ಲ ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕು ಕೊಡಬಹುದು. ಬೆಳೆ ಕಾಯುವ ಈ ಮಾತಿನಲ್ಲಿ ರೈಫಲ್ ಹೆಸರೇ ಇಲ್ಲ. ಹಾಗಾಗಿ "ಬೆಳೆ ರಕ್ಷಣೆಗೆ ರೈಫಲ್ ಮಾಡಿಸಿ ಕೊಡ್ತೀನಿ, ಇಷ್ಟು ಖರ್ಚಾಗ್ತದೆ" ಅನ್ನುವ ಏಜೆಂಟರು ಸಿಕ್ಕರೆ ದುಡ್ಡು ಕೊಡುವ ಮುಂಚೆ ಒಮ್ಮೆ ಯೋಚನೆ ಮಾಡಿ.

ಹನ್ನೆರಡು ಬೋರಿನ ತೋಟಾ

ಇನ್ನು ಮನೆಯಲ್ಲಿ ಲೈಸನ್ಸ್ ಇರುವ 12 ಬೋರ್ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ ಬಂದೂಕು ಇರುವವರ ವಿಷಯ. ತೋಟಾದ ಮೇಲೆ ಬರೆದಿರುವ ನಂಬರು, ಅಕ್ಷರ ಒಳಗಿನ ಚರೆಯ ಗಾತ್ರ ಹೇಳುತ್ತದೆ. 6 ನಂಬರ್ ಅಂದರೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಳು, ಒಂದು ಔನ್ಸಿಗೆ 270. 4 ನಂಬರ್ ಅದಕ್ಕಿಂತ ದಪ್ಪ, ಔನ್ಸಿಗೆ 170. ಇವೆರಡೂ ಹಕ್ಕಿಯ ಚರೆ. ಎಸ್‌ಜಿ ಅಂದರೆ ಔನ್ಸಿಗೆ 8 ಚರೆ, ಎಲ್‌ಜಿ ಅಂದರೆ ಔನ್ಸಿಗೆ 6, ಒಂದೊಂದು 9 ಮಿ.ಮೀ. ಇದಕ್ಕೂ ಮೇಲೆ ಒಂದೇ ದೊಡ್ಡ ಗೋಲಿ ಇರುವ ತೋಟಾ.

ಹೊಲದಲ್ಲಿ ಬಹಳ ಜನ ಮಾಡುವ ಕೆಲಸ ಅಂದರೆ ಕೈಗೆ ಸಿಕ್ಕ ಹಕ್ಕಿ ಚರೆಯನ್ನೇ ಹಂದಿಗೆ ಬಿಡುವುದು. "ಸಾಯದಿದ್ರ ಬ್ಯಾಡ, ಹೆದರಿ ಓಡಿ ಹೋಗ್ಲಿ" ಅಂತ. ಗಂಡು ಹಂದಿಯ ಹೆಗಲ ಮೇಲೆ ಚರ್ಮದಡಿ ಗುರಾಣಿಯಂಥ ದಪ್ಪ ಪದರ ಇರುತ್ತದೆ, ಮೇಲೆ ಒಣಗಿದ ಕೆಸರು. ಸಣ್ಣ ಚರೆ ಅದರೊಳಗೆ ಸಿಕ್ಕಿಕೊಂಡು ಕೀವಾಗಿ, ಪ್ರಾಣಿ ವಾರಗಟ್ಟಲೆ ನರಳುತ್ತದೆ. ಗಾಯವಾದ ಹಂದಿ ಕಬ್ಬಿನಲ್ಲೋ ತೊಗರಿಯಲ್ಲೋ ಬಿದ್ದಿರುತ್ತದೆ, ಮರುದಿನ ಹತ್ತಿ ಬಿಡಿಸಲು ಬಂದ ಹೆಣ್ಣುಮಕ್ಕಳ ಮೇಲೆ ಎರಗುತ್ತದೆ. ಅದರ ಕೋರೆ ತೊಡೆಯನ್ನು ಕುಡುಗೋಲಿನ ಹಾಗೆ ಸೀಳುತ್ತದೆ. ಹೆದರಿಸುವುದೇ ಉದ್ದೇಶ ಆದರೆ ಅದಕ್ಕೆ ಚರೆ ಬೇಡ, ಸದ್ದು ಸಾಕು.

ಅನುಮತಿ ಇದ್ದು ಹೊಡೆಯಲೇಬೇಕಾದ ಸಂದರ್ಭದಲ್ಲಿ ಎಲ್‌ಜಿ, ಎಸ್‌ಜಿ ಅಥವಾ ಗೋಲಿಯೇ ಸರಿ. ಅದೂ ಹತ್ತಿರದಿಂದ. ಎಲ್‌ಜಿ, ಎಸ್‌ಜಿ 30-35 ಮೀಟರ್ ದಾಟಿದರೆ ಚರೆ ಚದುರಿ ಒಂದೋ ಎರಡೋ ಮಾತ್ರ ತಾಗುತ್ತದೆ. ಕೊಲ್ಲುವ ದೂರ ಅಷ್ಟೇ ಆದರೂ ಚರೆ ಬೀಳುವ ದೂರ ಬೇರೆ: ಎಲ್‌ಜಿ ಸುಮಾರು 700 ಮೀಟರ್ ತನಕ ಹೋಗಬಹುದು, ಗೋಲಿ ಒಂದು ಕಿ.ಮೀ. ದಾಟಬಹುದು. ರೈಫಲ್‌ಗೆ ಹೋಲಿಸಿದರೆ ಕಡಿಮೆ, ಆದರೂ ಪಕ್ಕದ ಹೊಲದ ಗುಡಿಸಲಿಗೆ ಸಾಕಷ್ಟಾಯಿತು.

ಹಳೇ ಬಂದೂಕಿನವರಿಗೆ ಇನ್ನೂ ಕೆಲವು ಮಾತು. ನಿಜಾಮರ ಕಾಲದಿಂದ ಬಂದ ಬಂದೂಕುಗಳು ನಮ್ಮ ಕಡೆ ಕೆಲವು ಮನೆಗಳಲ್ಲಿವೆ. ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆ ಕಾಣುತ್ತಿದ್ದರೆ ಅದು ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಹಳೇ ನಳಿಗೆ, ಕಪ್ಪು ಮದ್ದಿಗೆ ಮಾಡಿದ್ದು. ಅದಕ್ಕೆ ಈಗಿನ ತೋಟಾ ಹಾಕಿದರೆ ಒತ್ತಡ ತಾಳದೆ ಸಿಡಿಯಬಹುದು. ಹಿಂದಿನವರು ಹಾಕುತ್ತಿದ್ದರು ಅನ್ನುವುದು ಸಮಾಧಾನ ಅಲ್ಲ. ತೋಟಾದ ಉದ್ದವೂ ನೋಡಬೇಕು: 65 ಮಿ.ಮೀ. ಗೂಡಿನ ಬಂದೂಕಿಗೆ 70 ಮಿ.ಮೀ. ತೋಟಾ ಒಳಗೆ ಹೋಗುತ್ತದೆ, ಆದರೆ ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ತುದಿ ಪೂರ್ತಿ ಚೋಕ್ ಇದ್ದರೆ, ಅಂದರೆ ಕಿರಿದು ಮಾಡಿದ್ದರೆ, ದೊಡ್ಡ ಗೋಲಿ ಹೊಡೆಯಬಾರದು. 20 ಬೋರ್ ತೋಟಾ ತಪ್ಪಿ 12 ಬೋರಿಗೆ ಬಿದ್ದರೆ ಒಳಕ್ಕೆ ಜಾರಿ ನಳಿಗೆಯಲ್ಲಿ ಕೂರುತ್ತದೆ. ಹಾಕಿಲ್ಲ ಅಂದುಕೊಂಡು ಮೇಲೆ ಇನ್ನೊಂದು 12 ಬೋರ್ ಹಾಕಿ ಹೊಡೆದರೆ ನಳಿಗೆ ಒಡೆದು ಎಡಗೈ ಹೋಗುತ್ತದೆ. ಎರಡು ಬೋರಿನ ತೋಟಾ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ಮಳೆಗಾಲದಲ್ಲಿ ತೇವ ಹಿಡಿದು ಉಬ್ಬಿದ ತೋಟಾ ಬಳಸಬೇಡಿ. ಟ್ರಿಗರ್ ಒತ್ತಿದರೂ ಹಾರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ, ತಕ್ಷಣ ಬಿಚ್ಚಿ ನೋಡಬೇಡಿ.

ಎಷ್ಟು ತೋಟಾ ಕೊಳ್ಳಬಹುದು, ಎಷ್ಟು ಮನೆಯಲ್ಲಿ ಇಡಬಹುದು ಅನ್ನುವುದು ಲೈಸನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ. ಕೊಂಡ ರಸೀದಿ, ಖಾಲಿ ತೋಟಾ ಎರಡೂ ಎತ್ತಿಡಿ, ಲೆಕ್ಕ ಕೇಳಿದಾಗ ಬೇಕಾಗುತ್ತದೆ.

ಎರಡನೇ ಕಾಗದ

ಈಗ ಅರಣ್ಯ ಇಲಾಖೆಯ ಮಾತು. 1972ರ ಕಾಯ್ದೆಯ 9ನೇ ಕಲಂ ಪ್ರಕಾರ ಪಟ್ಟಿಯಲ್ಲಿರುವ ಕಾಡುಪ್ರಾಣಿಯ ಬೇಟೆ ನಿಷೇಧ. ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ವಿಷ ಇಡುವುದು, ಬೆನ್ನಟ್ಟುವುದು, ಪ್ರಯತ್ನ ಮಾಡುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯನಿಗೆ ಅಥವಾ ಆಸ್ತಿಗೆ ಅಪಾಯ ಆದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಡಬಹುದು ಎಂದು 11ನೇ ಕಲಂ ಹೇಳುತ್ತದೆ. ಆಸ್ತಿ ಅನ್ನುವುದರಲ್ಲಿ ಹೊಲದಲ್ಲಿ ನಿಂತ ಬೆಳೆಯೂ ಸೇರಿದೆ, ಇದು ರೈತರಿಗೆ ಅನುಕೂಲದ ಮಾತು. ಅಂದರೆ ದಾರಿ ಪೂರ್ತಿ ಮುಚ್ಚಿಲ್ಲ. ಆದರೆ ಬಾಯಿ ಮಾತಿನ ಅನುಮತಿ ಅನುಮತಿ ಅಲ್ಲ. "ಗಾರ್ಡ್ ಸಾಹೇಬ್ರು ಹೊಡಿ ಅಂದ್ರು" ಅಂತ ಕೋರ್ಟಿನಲ್ಲಿ ಹೇಳಿದರೆ ಕೇಳುವವರಿಲ್ಲ. ವಲಯ ಅರಣ್ಯ ಅಧಿಕಾರಿ ಕಚೇರಿಗೆ ಪಹಣಿ, ಹಾನಿಯ ಫೋಟೊ ಸಮೇತ ಅರ್ಜಿ ಕೊಟ್ಟು ಕಾಗದದ ಮೇಲೆ ಉತ್ತರ ಪಡೆಯಬೇಕು.

ಹಂದಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅದು ಅಪರಾಧ ಅಲ್ಲ. ಆದರೆ ಸತ್ತ ಪ್ರಾಣಿ ಸರ್ಕಾರದ ಆಸ್ತಿ. ಸುದ್ದಿ ಮುಟ್ಟಿಸದೆ ಪಾಲು ಹಾಕಿಕೊಂಡರೆ ರಕ್ಷಣೆ ಹೋಗಿ ಕೇಸು ಉಳಿಯುತ್ತದೆ.

ಹೊಲದಲ್ಲಿ ಹಂದಿ ಒಂದೇ ಅಲ್ಲ ಬರುವುದು. ಕೃಷ್ಣಮೃಗ, ನವಿಲು, ಚಿರತೆ, ಕರಡಿ ಇವೆಲ್ಲ ಮೊದಲನೇ ಅನುಸೂಚಿ. ಇವುಗಳಿಗೆ ಬೆಳೆ ಹಾನಿ ಕಾರಣ ಕೊಟ್ಟು ಅನುಮತಿ ಸಿಗುವುದಿಲ್ಲ. ಮೊದಲನೇ ಅನುಸೂಚಿಯ ಪ್ರಾಣಿ ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಕನಿಷ್ಠ 25 ಸಾವಿರ ದಂಡ. ಉಳಿದವಕ್ಕೆ 3 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

"ಬ್ಯಾರೆ ರಾಜ್ಯದಾಗ ಹೊಡೀತಾರಲ್ಲ?" ಅನ್ನುವ ಪ್ರಶ್ನೆ ಸಹಜ. ಬಿಹಾರ, ಉತ್ತರಾಖಂಡಗಳಲ್ಲಿ ಕೇಂದ್ರ ಸರ್ಕಾರ ಕೆಲವು ಕಾಲ, ಕೆಲವು ಪ್ರದೇಶಕ್ಕೆ ಕಾಡುಹಂದಿಯನ್ನು ಪೀಡಕ ಪ್ರಾಣಿ ಎಂದು ಘೋಷಿಸಿತ್ತು. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಿಗೇ ಆದೇಶ ಕೊಡುವ ಅಧಿಕಾರ ಬಂತು, ಅದೂ ಲೈಸನ್ಸ್ ಇರುವ ಬಂದೂಕಿನವರಿಂದ ಮಾತ್ರ. ಅಲ್ಲಿನ ಆದೇಶ ಇಲ್ಲಿ ನಡೆಯುವುದಿಲ್ಲ.

ಅಂಗಡಿಯವರಿಗೆ

ಧಾಬಾ, ಖಾನಾವಳಿ ನಡೆಸುವವರಿಗೆ ರಾತ್ರಿ ಹೊತ್ತು "ಕಾಡಿನ ಮಾಂಸ ಐತಿ, ಅಗ್ಗ" ಅಂತ ತಂದುಕೊಡುವವರು ಸಿಗಬಹುದು. ಕೊಂಡವನೂ ಮಾರಿದವನಷ್ಟೇ ತಪ್ಪಿತಸ್ಥ. ಊರ ಹಂದಿ ಅಂತ ಹೇಳಿದರೂ ಲ್ಯಾಬಿನಲ್ಲಿ ತಿಳಿಯುತ್ತದೆ. ಇನ್ನೊಂದು ಕಡೆ, ಕಾಡುಹಂದಿ ಅಂದುಕೊಂಡು ಯಾರೋ ಸಾಕಿದ ಹಂದಿಗೆ ಹೊಡೆದು ಪೊಲೀಸ್ ಠಾಣೆ ಮೆಟ್ಟಿಲು ಹತ್ತುವ ಸಾಧ್ಯತೆಯೂ ಇದೆ. ಊರಂಚಿನ ಹೊಲಗಳಲ್ಲಿ ಎರಡೂ ಓಡಾಡುತ್ತವೆ.

ಏರ್‌ಗನ್ ವಿಷಯ. .177 ಬೋರ್ ಮೀರದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್‌ಗೆ ಲೈಸನ್ಸ್ ಬೇಡ. ಅದಕ್ಕೇ ಕಿರಾಣಿ ಅಂಗಡಿ, ಹಣ್ಣಿನಂಗಡಿಯವರು ಮಂಗಗಳಿಗೆ ಅಂತ ತಂದಿಟ್ಟುಕೊಳ್ಳುತ್ತಾರೆ. ಆದರೆ ನಮ್ಮ ದಕ್ಷಿಣದ ಸಾಮಾನ್ಯ ಮಂಗ, ಬಾನೆಟ್ ಮಕಾಕ್ ಅನ್ನುವುದು, ಹೊಸ ತಿದ್ದುಪಡಿಯಲ್ಲಿ ಮೊದಲನೇ ಅನುಸೂಚಿಗೆ ಹೋಗಿದೆ. ಬಾಳೆಹಣ್ಣು ಉಳಿಸಲು ಹೋಗಿ ಹುಲಿ ಕೊಂದವನ ಸಾಲಿನ ಕೇಸು ಮೈಮೇಲೆ ಎಳೆದುಕೊಂಡಂತೆ.

ಎಲ್ಲಕ್ಕಿಂತ ಕೆಟ್ಟದ್ದು ಸಿಡಿಮದ್ದು. ಹಿಟ್ಟಿನಲ್ಲೋ ಹಣ್ಣಿನಲ್ಲೋ ಸ್ಫೋಟಕ ಸುತ್ತಿ ಹಂದಿ ದಾರಿಯಲ್ಲಿ ಇಡುವುದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆ ಬಾಯಿ ಛಿದ್ರವಾಗಿ ನೀರಲ್ಲಿ ನಿಂತೇ ಸತ್ತದ್ದು ಇಂಥದ್ದರಿಂದ. ನಮ್ಮಲ್ಲಿ ಆನೆ ಇಲ್ಲ, ಎತ್ತು, ಎಮ್ಮೆ, ಆಕಳು ಇವೆ. ಕುರಿ ಕಾಯುವ ಹುಡುಗರೂ ಇದ್ದಾರೆ. ತಂತಿಬೇಲಿಗೆ ನೇರ ಲೈನ್ ಕರೆಂಟು ಕೊಡುವುದೂ ಇದೇ ಜಾತಿಯ ಕೆಲಸ. ಹಂದಿಗಿಂತ ಮೊದಲು ಮನೆಯವರೇ ಅದಕ್ಕೆ ಸಿಕ್ಕಿಕೊಳ್ಳುತ್ತಾರೆ.

ಅಪ್ಪನ ಬಂದೂಕು, ಕೊಡಗಿನ ಬಂದೂಕು

ಲೈಸನ್ಸ್ ಇದ್ದ ಹಿರಿಯರು ತೀರಿಕೊಂಡರೆ ಬಂದೂಕು ಅಟ್ಟದ ಮೇಲೆ ಉಳಿಯುವುದು ಸಾಮಾನ್ಯ. ಲೈಸನ್ಸ್ ಬಂದೂಕಿನದಲ್ಲ, ವ್ಯಕ್ತಿಯದು. ಅವರು ತೀರಿದ ಮೇಲೆ ತಡಮಾಡದೆ ಠಾಣೆಯಲ್ಲಿ ಅಥವಾ ಲೈಸನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಒಪ್ಪಿಸಿ ರಸೀದಿ ಪಡೆದು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಲೈಸನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿ ನಂತರ ಶಿಕ್ಷೆ 2ರಿಂದ 5 ವರ್ಷ. ಅದೇ ತಿದ್ದುಪಡಿಯಲ್ಲಿ ಒಬ್ಬರಿಗೆ ಎರಡೇ ಬಂದೂಕು ಅಂತ ಆಯಿತು, ಲೈಸನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ ಲಕ್ಷದವರೆಗೆ ದಂಡ ಅಂತಲೂ ಸೇರಿತು.

"ಕೊಡಗಿನವರಿಗೆ ಲೈಸನ್ಸೇ ಬ್ಯಾಡಂತ, ನಮಗ್ಯಾಕ?" ಎಂದು ಕೇಳುವವರಿದ್ದಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಪೂಜೆ ಮಾಡುವ ಜನ ಅವರು. ಕೇಂದ್ರ ಸರ್ಕಾರ 2029ರವರೆಗೆ ಅದನ್ನು ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅವರಿಗೂ ವಿನಾಯಿತಿ ಇರುವುದು ಬಂದೂಕು ಇಟ್ಟುಕೊಳ್ಳಲು, ಬೇಟೆಗೆ ಅಲ್ಲ. ಬಂದೂಕಿನ ಹಿರಿಮೆಯ ವಿಷಯಕ್ಕೆ ಬಂದರೆ ರಾಯಚೂರೇನೂ ಕಡಿಮೆಯಿಲ್ಲ: 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುಧಾರಿಗಳು ಗೋಡೆ ಮೇಲಿದ್ದವರನ್ನು ಗುರಿಯಿಟ್ಟು ಉರುಳಿಸಿದ್ದನ್ನು ನೂನಿಜ್ ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದಲ್ಲಿ ಬಂದೂಕಿನ ಗುರಿ ಯುದ್ಧದ ದಿಕ್ಕು ಬದಲಿಸಿದ ಹೆಸರುವಾಸಿ ಘಟನೆ ನಮ್ಮ ಊರ ಕೋಟೆಯದು.

ಬಂದೂಕು ಇಲ್ಲದೆ

ಬೆಳೆ ಉಳಿಸುವುದೇ ಗುರಿ ಆದರೆ ಬಂದೂಕು ಬಹಳ ಕಡಿಮೆ ಕೆಲಸ ಮಾಡುತ್ತದೆ. ಒಂದು ಹಂದಿ ಬಿದ್ದರೆ ಹಿಂಡು ನಾಲ್ಕು ದಿನ ಪಕ್ಕದವರ ಹೊಲಕ್ಕೆ ಹೋಗಿ ಮತ್ತೆ ಬರುತ್ತದೆ. ಹೆಣ್ಣು ಹಂದಿ ಒಂದು ಸೂಲಿಗೆ ನಾಲ್ಕರಿಂದ ಆರು, ಕೆಲವೊಮ್ಮೆ ಹೆಚ್ಚು ಮರಿ ಹಾಕುತ್ತದೆ. ಅವನ್ನು ತಿನ್ನುತ್ತಿದ್ದ ತೋಳ, ಚಿರತೆ ಕಡಿಮೆಯಾಗಿವೆ.

ಸೋಲಾರ್ ಬೇಲಿ ಸರಿಯಾಗಿ ಹಾಕಿದರೆ ಕೆಲಸ ಮಾಡುತ್ತದೆ. ಅದು ಬಿಟ್ಟು ಬಿಟ್ಟು ಕ್ಷಣಮಾತ್ರ ಹೊಡೆತ ಕೊಡುವುದರಿಂದ ಜೀವಕ್ಕೆ ಅಪಾಯ ಇಲ್ಲ. ಆದರೆ ಕೆಳಗಿನ ತಂತಿ ನೆಲದಿಂದ ಗೇಣಿನಷ್ಟೇ ಎತ್ತರ ಇರಬೇಕು, ಹಂದಿ ಮೇಲೆ ಹಾರುವುದಿಲ್ಲ, ಕೆಳಗೆ ನುಸುಳುತ್ತದೆ. ತಂತಿಗೆ ಹುಲ್ಲು ತಾಗಿದರೆ ಶಕ್ತಿ ಸೋರಿ ಹೋಗುತ್ತದೆ, ವಾರಕ್ಕೊಮ್ಮೆ ಕೊಯ್ಯಲೇಬೇಕು. ಶೇಂಗಾ ಹೊಲದ ಸುತ್ತ ನಾಲ್ಕು ಸಾಲು ಕುಸುಬೆ ಬಿತ್ತುವುದು ಖರ್ಚಿಲ್ಲದ ಉಪಾಯ: ಮುಳ್ಳು ಚುಚ್ಚುತ್ತದೆ, ಕುಸುಬೆಯ ವಾಸನೆ ಶೇಂಗಾ ವಾಸನೆಯನ್ನು ಮುಚ್ಚುತ್ತದೆ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಮೆಕ್ಕೆಜೋಳದ ಸುತ್ತ ಔಡಲ ಹಾಕುವುದೂ ಇದೇ ಲೆಕ್ಕ. ಹಿಂದಿನವರ ಅಟ್ಟಳಿಗೆ, ಕವಣೆ, ಡಬ್ಬಿ ಬಡಿಯುವುದು ಇವುಗಳಿಗೂ ಬೆಲೆ ಇದೆ, ಅಕ್ಕಪಕ್ಕದ ನಾಲ್ಕು ಹೊಲದವರು ಪಾಳಿ ಮಾಡಿಕೊಂಡರೆ ಮಾತ್ರ. ಒಬ್ಬನೇ ಕಾದರೆ ಮೂರನೇ ರಾತ್ರಿ ನಿದ್ದೆ ಹತ್ತುತ್ತದೆ.

ಹಾನಿ ಆದ ಮೇಲೆ ಪರಿಹಾರದ ದಾರಿ ಎರಡು. ಅರಣ್ಯ ಇಲಾಖೆಗೆ ಅರ್ಜಿ ಒಂದು. ಫಸಲ್ ಬಿಮಾ ಕಟ್ಟಿದವರಿಗೆ ಇನ್ನೊಂದು: ಕಾಡುಪ್ರಾಣಿಯಿಂದ ಆದ ಬೆಳೆ ಹಾನಿಯನ್ನೂ 2026ರ ಮುಂಗಾರಿನಿಂದ ಸ್ಥಳೀಯ ಹಾನಿಯ ಲೆಕ್ಕಕ್ಕೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಪ್ರದೇಶ ಅನ್ನುವ ಪಟ್ಟಿ ರಾಜ್ಯ ಸರ್ಕಾರದ್ದು. ಹಾಗಾಗಿ ಕಂತು ಕಟ್ಟುವಾಗಲೇ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಹೋಬಳಿ, ನಿಮ್ಮ ಬೆಳೆ ಪಟ್ಟಿಯಲ್ಲಿದೆಯಾ ಅಂತ ಕೇಳಿಕೊಳ್ಳಿ. ಹಾನಿ ಆದ 72 ಗಂಟೆಯೊಳಗೆ ವಿಮೆ ಆ್ಯಪ್‌ನಲ್ಲಿ ಸ್ಥಳದ ಗುರುತಿರುವ ಫೋಟೊ ಹಾಕಬೇಕು. ಬೆಳಗ್ಗೆ ಹೊಲಕ್ಕೆ ಹೋದವರು ಸಿಟ್ಟಿನಲ್ಲಿ ಮಣ್ಣು ಸರಿಮಾಡುವ ಮೊದಲು ಹಂದಿ ಉತ್ತ ಜಾಗ, ಹೆಜ್ಜೆ ಗುರುತು ಎರಡನ್ನೂ ಮೊಬೈಲಿನಲ್ಲಿ ಹಿಡಿದಿಡಿ.